ಎರಡು ಟಿನ್ನು ಪೆಟ್ರೋಲು

ಇಂಜಿನ್ ಸತ್ತ ವಿಮಾನ ರಾಗಿ ಕೂಳೆಯ ಮೇಲೆ ಕುಪ್ಪಳಿಸಿ ನಿಂತಿತು. ತಿಮ್ಮಪ್ಪ ಇಳಿದು ಎದುರಿಗಿದ್ದವಳನ್ನು ನೋಡಿದ. ಥೂ, ಇವಳೇ ಸಿಗಬೇಕಿತ್ತೇ.

ತುಂಬಿದ ಕೊಡ ಹೊತ್ತು ನಿಂತಿದ್ದವಳು ಸಣ್ಣಕ್ಕ. ಅವಳ ಗಂಡ ದೇವಯ್ಯ, ತಿಮ್ಮಪ್ಪನ ಬಣವೆಗೆ ಬೆಂಕಿಯಿಟ್ಟನೆಂಬ ಸುಳ್ಳು ಕೇಸಿನಲ್ಲಿ ಹಾಸನದ ಜೈಲು ಸೇರಿದ್ದ. ಕಣ್ಣಾರೆ ಕಂಡೆನೆನ್ನಲು ಇದ್ದವನು ತಿಮ್ಮಪ್ಪ ಒಬ್ಬನೇ. ಇಂದೂ ಸಾಕ್ಷಿ ಬರದಿದ್ದರೆ ಕೇಸು ವಜಾ ಎಂದು ಜಡ್ಜು ಗದರಿದ್ದರು. ಮಹಾರಾಯ ಬೆಂಗಳೂರಿನಿಂದ ಕಾರಿನಲ್ಲಿ ಬರಬಹುದಿತ್ತು. ಸ್ವಂತ ವಿಮಾನದಲ್ಲೇ ಇಳಿಯಬೇಕೆಂಬ ಜಂಬ. ಹೊರಡುವಾಗ ಟ್ಯಾಂಕು ನೋಡುವ ವ್ಯವಧಾನ ಮಾತ್ರ ಇಲ್ಲ. ಚನ್ನರಾಯಪಟ್ಟಣ ದಾಟುತ್ತಲೇ ಪೆಟ್ರೋಲು ಮುಗಿದಿತ್ತು.

"ಆಸನದ ಬಸ್ಸೈತೇನಮ್ಮಿ?"

"ಓಯ್ತಲ್ಲ ಬುದ್ಧಿ. ಇನ್ನು ಸಂಜೀಕೇಯ."

"ಪೆಟ್ರೋಲು?"

"ಕಂಟ್ರಾಕ್ಟ್ರು ಜೀಪಿಂದು ಐತೆ. ತತ್ತೀನಿ ಇರಿ."

ರಸ್ತೆ ಕೆಲಸದ ಶೆಡ್ಡಿಗೆ ಹೋದವಳು ಬೇಗ ಬರಲಿಲ್ಲ. ಬಂದಾಗ ಸೆರಗು ಒದ್ದೆಯಾಗಿತ್ತು, ಕೈಯಲ್ಲೊಂದು ಟಿನ್ನಿತ್ತು.

"ಇದ್ನೇ ಉಯ್ಕಳಿ ಬುದ್ಧಿ. ಒಳ್ಳೇದು."

ತಿಮ್ಮಪ್ಪನಿಗೆ ಮೈಯೆಲ್ಲ ಉರಿಯಿತು. "ನಿನ್ನ ಗಂಡಂಗೆ ಸಿಕ್ಸೆ ಕೊಡ್ಸಾಕೆ ಒಂಟಿರೋನಿಗೆ ಒಳ್ಳೇದು ಕೊಟ್ಟೀಯಾ ನೀನು? ಏನು ಬೆರೆಸಿದ್ದೀಯೇ? ದೂರ ಇಡು. ನೀನು ಮುಟ್ಟಿದ್ದು ನಂಗೆ ಬ್ಯಾಡ."

ತಾನೇ ಶೆಡ್ಡಿಗೆ ನುಗ್ಗಿದ. ದಾರಿಗಡ್ಡವಾಗಿ ಬೋರಲು ಬಿದ್ದಿದ್ದ ಕೊಡವನ್ನು ಒದ್ದ. ಮೂಲೆಯ ನೆಲದ ಮೇಲೆ ಇನ್ನೊಂದು ಟಿನ್ನಿತ್ತು. ಮುಚ್ಚಳ ತೆಗೆದು ಮೂಸಿದ. ಪೆಟ್ರೋಲೇ.

ಸಣ್ಣಕ್ಕ ಬಾಗಿಲಿಗೆ ಅಡ್ಡ ನಿಂತಳು. "ಅದು ಬ್ಯಾಡ ಬುದ್ಧಿ. ಅದ್ನ ಮಾತ್ರ ಮುಟ್ಟಬ್ಯಾಡಿ."

"ಸರಿಯೇ ಆಚೆಗೆ."

ಹೊತ್ತೊಯ್ದು ಟ್ಯಾಂಕಿಗೆ ಸುರಿದ. ಸೋಸುವ ತಾಳ್ಮೆ ಎಲ್ಲಿಂದ ಬರಬೇಕು? ಪ್ರೊಪೆಲ್ಲರ್ ತಿರುಗಿಸಿದ. ಇಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಬೆವರು ಕಿತ್ತುಬರುವ ತನಕ ತಿರುಗಿಸಿದ, ಬೈದ, ಚಕ್ರಕ್ಕೆ ಒದ್ದ. ಅತ್ತ ಹಾಸನದಲ್ಲಿ ಕೋರ್ಟಿನ ಜವಾನ ಅವನ ಹೆಸರನ್ನು ಮೂರು ಸಲ ಕೂಗಿ ಒಳಗೆ ಹೋದ.

ಸಣ್ಣಕ್ಕ ತನ್ನ ಕೈಯ ಟಿನ್ನನ್ನು ಜೋಪಾನವಾಗಿ ಶೆಡ್ಡಿನಲ್ಲಿಟ್ಟಳು. ಅದರಲ್ಲಿದ್ದದ್ದು ಅಪ್ಪಟ ಪೆಟ್ರೋಲು; ಕಂಟ್ರಾಕ್ಟರ ಜೀಪಿಗೆ ಬೇಕಲ್ಲ.

ಅವಳ ಕೈಯಿಂದ ತಿಮ್ಮಪ್ಪನ ಮನೆಯವರು ಎಂದೂ ಒಂದು ಲೋಟ ನೀರು ಮುಟ್ಟಿದವರಲ್ಲ; ಅದಕ್ಕೇ ಇಂದು ಕೊಡದ ನೀರನ್ನೆಲ್ಲ ನೆಲದ ಮೇಲಿನ ಟಿನ್ನಿಗೆ ಹೊಯ್ದಿದ್ದಳು.