ಕೈ ಇಳಿಸುವವರೆಗೆ

ಕ್ಲಾರಿನೆಟ್ಟಿನ ಸ್ವರ ಕೀರಲಾಗಿ ಒಡೆಯಿತು. ವಾದ್ಯವೃಂದ ನಡೆಸುತ್ತಿದ್ದ ಗಂಗಾಲಕ್ಷ್ಮಿ ಅತ್ತ ಕಣ್ಣು ಹೊರಳಿಸಿದಳು. ಹಿಂದಿನ ಸಾಲಿನ ಕದಿರಪ್ಪ ಊದುತ್ತಲೇ ಒಂದು ಕೈಯನ್ನು ಎದೆಗೊತ್ತಿಕೊಂಡು, ನಿಲ್ಲಿಸಲೇ ಎಂಬಂತೆ ಅವಳತ್ತ ಹುಬ್ಬೇರಿಸಿದ. ಮುಖವೆಲ್ಲ ಬೆವರು. ಅವಳು ಕೈ ಇಳಿಸುವವರೆಗೆ ಯಾರೂ ವಾದ್ಯ ಇಳಿಸಬಾರದು. ಹದಿನೆಂಟು ವರ್ಷಗಳ ಹಿಂದೆ ಅವಳೇ ಮಾಡಿದ ಕಟ್ಟಳೆ ಅದು.

"ನಿಲ್ಲಿಸ್ಬೇಡಕ್ಕೋ! ಸಾಹೇಬ್ರ ಕಾರು ವಕ್ಕಲೇರಿ ದಾಟೈತೆ," ಎಂದ ಪಕ್ಷದ ಆಂಜಿನಪ್ಪ, ವೇದಿಕೆಯ ಕೆಳಗಿನಿಂದ. "ಈಗ ಸೈಲೆಂಟಾದ್ರೆ ಜನ ಎದ್ದೋಗ್ತಾರೆ. ಖಾಲಿ ಕುರ್ಚಿ ನೋಡಿ ನಿಂಗೆ ಎಲೆಕ್ಷನ್ ಟಿಕೆಟ್ ಕೊಡ್ತಾರೇನು?"

ಅವಳು ಕದಿರಪ್ಪನಿಗೆ ಬೇಡವೆಂದು ತಲೆಯಲ್ಲಾಡಿಸಿದಳು. ಅವನು ಮತ್ತೆ ಊದಿದ. ಕಾಲು ಗಂಟೆಯ ಮೇಲೆ ಸಾಹೇಬರು ವೇದಿಕೆ ಹತ್ತಿದಾಗ ಅವಳು ಕೈ ಇಳಿಸಿದಳು. ಅವನು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು, ಹಾಗೆಯೇ ಕುರ್ಚಿಯಿಂದ ಕೆಳಕ್ಕೆ ಜಾರಿದ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನ ಹೆಂಡತಿ ಆದಿಲಕ್ಷ್ಮಿ, ಸಭೆಯಲ್ಲಿ ಸಾಹೇಬರು ಹಾಕಿದ ಅಭ್ಯರ್ಥಿಯ ಹಾರ ಇನ್ನೂ ಕೊರಳಲ್ಲಿದ್ದ ಗಂಗಾಲಕ್ಷ್ಮಿಯ ಎರಡೂ ಕೈ ಹಿಡಿದುಕೊಂಡಳು. "ಹೋಗೇಬಿಟ್ನಲ್ಲಮ್ಮಾ. ಎದೆ ನೋವು ಅಂತ ಒಂದ್ ಮಾತಾದ್ರೂ ಅಂದ್ನೇನಮ್ಮಾ?"

"ಇಲ್ಲ ಕಣಕ್ಕಾ. ಏನೂ ಅನ್ಲಿಲ್ಲ."

ಬಾಯಿ ಬಿಟ್ಟು ಅವನು ಏನೂ ಅಂದಿರಲಿಲ್ಲ, ನಿಜ. ಉಳಿದದ್ದನ್ನು ಯಾರಿಗೂ ಹೇಳಬಾರದೆಂದು ಗಂಗಾಲಕ್ಷ್ಮಿ ಅಲ್ಲೇ ನಿರ್ಧರಿಸಿದಳು.