ಲೀನಾಳ ಗಂಟಲುನೋವು

ಮಂಗಳೂರಿನಲ್ಲಿ ಎಲ್ಲರೂ ವರ್ಷಕ್ಕೊಮ್ಮೆ ಗಂಟಲಿಗೆ ಲೇಪ ಹಾಕಿಸಿಕೊಳ್ಳುತ್ತಿದ್ದರು; ಅದರ ಮೇಲೆ ಯಾವ ರೋಗಾಣುವೂ ಅಂಟಿ ನಿಲ್ಲುತ್ತಿರಲಿಲ್ಲ. ಎಪ್ಪತ್ತರ ಫ್ಲೇವಿಯಾ ಟೀಚರ್ ಮಾತ್ರ ಏನಾದರೊಂದು ನೆವ ಹೇಳಿ ತಪ್ಪಿಸಿಕೊಂಡಿದ್ದರು. ಈಗ ಮೊಮ್ಮಗಳು ಹುಟ್ಟಿದ್ದಳು. ಲೇಪವಿಲ್ಲದವರು ಹಸುಗೂಸನ್ನು ಎತ್ತಿಕೊಳ್ಳುವಂತಿರಲಿಲ್ಲ.

ಲೇಪಕ್ಕೆ ಮೊದಲು ಟೀಚರ ಗಂಟಲಿಗೆ ಸೂಕ್ಷ್ಮ ಕ್ಯಾಮೆರಾ ಹಿಡಿದ ನರ್ಸ್, ಪರದೆ ನೋಡಿ ಬೆರಗಾದಳು. "ಎಂತ ಟೀಚರ್, ರೋಗಾಣುಗಳು ಜೀವಕೋಶಗಳನ್ನು ಕಚ್ಚಿ ಹಿಡಿದು ಒಳಗೇ ಹೊಕ್ಕು ಕೂತಿವೆಯಲ್ಲ! ಎಷ್ಟು ಹಳೆಯವು?"

"ಅರವತ್ತು ವರ್ಷ. ಜ್ವರದಲ್ಲಿ ತಂಗಿ ಲೀನಾ ಕುಡಿದ ಲೋಟದಲ್ಲೇ ನಾನೂ ಗಂಜಿ ಕುಡಿದೆ. ಅವಳು ಹೋದಳು, ನಾನು ಉಳಿದೆ. ಅವಳದ್ದು ಅಂತ ಬೇರೆ ಎಂತದೂ ನನ್ನ ಹತ್ರ ಇಲ್ಲ ಮಗಾ."

ನರ್ಸ್ ಕೈ ತಡೆದಳು. "ಲೇಪ ಹಾಕಿದರೆ ಇವೂ ಉಳಿಯುವುದಿಲ್ಲ ಟೀಚರ್."

"ಹಾಕು," ಎಂದು ಟೀಚರ್ ಬಾಯಿ ತೆರೆದರು.

ಜೂನ್ ಬಂತು. ಪ್ರತಿ ಮಳೆಗಾಲವೂ ಮರುಕಳಿಸುತ್ತಿದ್ದ ಗಂಟಲುನೋವು ಬರಲಿಲ್ಲ. ಮೊಮ್ಮಗಳನ್ನು ಎದೆಗವುಚಿಕೊಂಡ ಟೀಚರ್, ಬಂದೀತೇನೋ ಎಂದು ಮತ್ತೆ ಮತ್ತೆ ಉಗುಳು ನುಂಗಿ ನೋಡಿದರು.