ಬಾಡಿಗೆ ದನಿ

ಸಾಫ್ಟ್‌ವೇರ್ ಹುದ್ದೆಯೊಂದಕ್ಕೆ ವಿಡಿಯೋ ಸಂದರ್ಶನ ನಡೆಯುತ್ತಿತ್ತು. ಅಭ್ಯರ್ಥಿ ಲೋಟವೆತ್ತಿ ನೀರು ಕುಡಿದ. ಉತ್ತರ ಮಾತ್ರ ನಿಲ್ಲದೆ ಬರುತ್ತಲೇ ಇತ್ತು.

ಟೀಮ್ ಲೀಡ್ ಪಕ್ಕದಲ್ಲಿದ್ದ ಎಚ್.ಆರ್. ಮೇಡಂ ಕಡೆ ತಿರುಗಿ ನಕ್ಕ. "ನೋಡಿದ್ರಾ? ಒಬ್ಬ ಬಾಯಿ ಆಡಿಸ್ತಾನೆ, ಇನ್ನೊಬ್ಬ ಉತ್ತರ ಹೇಳ್ತಾನೆ. ಏಯ್, ಮರೆಯಲ್ಲಿರೋನು ಮುಂದೆ ಬಾರಯ್ಯ!"

ಪರದೆಯ ಮೇಲೆ ಇನ್ನೊಂದು ಮುಖ ಕಾಣಿಸಿತು.

"ಇಷ್ಟೆಲ್ಲ ಗೊತ್ತಿದ್ದೂ ದನಿ ಬಾಡಿಗೆಗೆ ಕೊಡ್ತೀಯಲ್ಲ, ನಾಚಿಕೆ ಆಗಲ್ವಾ? ನೀನೇ ಕೆಲಸಕ್ಕೆ ಸೇರೋಕೇನು ರೋಗ?"

"ಅನುಭವ ಇಲ್ಲ ಅಂತ ಯಾರೂ ತಗೊಳ್ಳಲ್ಲ ಸರ್."

"ಅದಕ್ಕೆ ಈ ಕಳ್ಳಾಟವಾ? ನಮ್ಮ ಕಂಪನೀಲಿ ಇದೆಲ್ಲ ನಡೆಯಲ್ಲ!"

"ನೀವು ಸೇರುವಾಗ ನಡೆದಿತ್ತಲ್ಲ ಸರ್. ಅವತ್ತೂ ಉತ್ತರ ಹೇಳಿದ್ದು ನಾನೇ. ನೀವು ಮಧ್ಯೆ ನೀರು ಕುಡೀಲಿಲ್ಲ, ಅಷ್ಟೇ."